ಎತ್ತಿಟ್ಟ ನಲವತ್ತು ಅಳತೆ

ಕಂಪ್ಯೂಟರಿಗೆ ಉಣಿಸಿದ ಕಡತದಲ್ಲಿ ನೂರಾ ಇಪ್ಪತ್ತು ಅಳತೆಗಳಿದ್ದವು. ಇರಬೇಕಾದದ್ದು ಎಂಬತ್ತು. ವನಿತಾ ಮತ್ತೊಮ್ಮೆ ಎಣಿಸಿದಳು.

ಗದಗಿನ ಕಾಲೇಜಿನ ಪ್ರಯೋಗಾಲಯದಲ್ಲಿ ಅವಳೆದುರು ಕುಳಿತು ನಜಮಾ, ಇಬ್ಬರೂ ಸೇರಿ ಒಂದು ಪ್ರೋಟೀನಿನ ಬಗ್ಗೆ ಬರೆದ ಪ್ರಬಂಧದ ಕೊನೆಯ ಪುಟ ತಿದ್ದುತ್ತಿದ್ದಳು. ಸಂಜೆಯೊಳಗೆ ಅದು ಸಂಶೋಧನಾ ಪತ್ರಿಕೆಗೆ ಹೋಗಬೇಕು. ಹೋದರೆ ನಜಮಾಳ ಫೆಲೋಶಿಪ್ ಇನ್ನೊಂದು ವರ್ಷ ಉಳಿಯುತ್ತದೆ; ಇಲ್ಲದಿದ್ದರೆ ಈ ತಿಂಗಳಿಗೇ ಮುಗಿಯಿತು.

ಪ್ರೋಟೀನು ಕಲ್ಲಿನ ಹಾಗೆ ಕೂತಿರುವುದಿಲ್ಲ. ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಬಳುಕುತ್ತದೆ. ಅದರ ಸಾವಿರಾರು ಭಂಗಿಗಳನ್ನು ವನಿತಾಳ ಕಂಪ್ಯೂಟರು ಊಹಿಸುತ್ತದೆ. ಯಾವ ಊಹೆಗೆ ಎಷ್ಟು ಬೆಲೆಯೆಂದು ಹೇಳುವವು ನಜಮಾ ಪ್ರಯೋಗ ಮಾಡಿ ತಂದ ಅಳತೆಗಳು. ಅವುಗಳಲ್ಲಿ ನಲವತ್ತನ್ನು ಕಂಪ್ಯೂಟರಿಗೆ ತೋರಿಸದೆ ಎತ್ತಿಡುವುದು ಇಬ್ಬರೂ ಮಾಡಿಕೊಂಡ ಕಟ್ಟಳೆ. ಕೊನೆಗೆ ಅವುಗಳೊಡನೆ ತಾಳೆ ನೋಡಿದರೆ ಕಂಪ್ಯೂಟರಿನ ಊಹೆಯ ಬಣ್ಣ ಬಯಲಾಗುತ್ತದೆ. ಮಾರ್ಚಿನಲ್ಲಿ ಹಳೆಯ ಕಂಪ್ಯೂಟರು ಕೆಟ್ಟಾಗ ವನಿತಾ ಅವಸರದಲ್ಲಿ ಪೂರ್ತಿ ಕಡತವನ್ನೇ ಹೊಸದಕ್ಕೆ ಇಳಿಸಿಕೊಂಡಿದ್ದಳು. ಉತ್ತರ ನೋಡಿಕೊಂಡು ಪರೀಕ್ಷೆ ಬರೆದು ಫಸ್ಟ್‌ಕ್ಲಾಸ್ ಬಂತೆಂದು ಬೀಗಿದ ಹಾಗಾಗಿತ್ತು.

ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಈ ಯೋಚನೆ ಬಂದಾಗ ಅವಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು.

“ಅಕ್ಕಾ…”

“ಯಾಕಲೇ, ಮಾರಿ ಹಿಂಗ್ಯಾಕ ಬಿಳಚೈತಿ? ನಾಷ್ಟಾ ಮಾಡಿಲ್ಲೇನು?”

“ಎತ್ತಿಟ್ಟ ನಲವತ್ತೂ ಒಳಗ ಸೇರ್ಯಾವ. ನಾನ ಹಾಕೀನಿ, ಗೊತ್ತಾಗಲಾರದ.”

ನಜಮಾಳ ಪೆನ್ನು ನಿಂತಿತು. ಈ ಅಳತೆಗಳಿಗಾಗಿ ಅವಳು ಎಂಟು ತಿಂಗಳು ಸೊರಟೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗಿದ್ದಳು. ಬೈಯಲಿ, ಬೈದರೆ ಜೀವ ಹಗುರಾದೀತು ಎಂದು ವನಿತಾ ಕಾದಳು.

“ಅವನ್ನ ತಗದು ಮತ್ತ ಲೆಕ್ಕ ಓಡಸು,” ಎಂದಳು ನಜಮಾ. “ಎಷ್ಟೊತ್ತಾಕ್ಕತಿ?”

“ಇಪ್ಪತ್ತು ಮಿನಿಟು.”

ವನಿತಾಳಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ದೇವರಿಗೆ ಹರಕೆ ಹೊರಲು ಹೋಗಿ, ಯಾವ ಬಾಯಿಂದ ಕೇಳಲಿ ಎಂದು ಬಿಟ್ಟಳು. ಕೊನೆಗೂ ಪರದೆಯ ಮೇಲೆ ಹೊಸ ಊಹೆಯ ಗೆರೆ ಮೂಡಿತು. ಎತ್ತಿಟ್ಟ ನಲವತ್ತು ಅಳತೆಗಳ ಚುಕ್ಕೆಗಳಲ್ಲಿ ಬಹುಪಾಲನ್ನು ಅದು ಮುಟ್ಟಲೇ ಇಲ್ಲ. ಪ್ರೋಟೀನು ಬಾಯಿ ತೆರೆಯುವುದನ್ನು ಕಂಡೆವೆಂದು ಹನ್ನೆರಡು ಪುಟ ಬರೆದಿದ್ದರು; ಆ ಭಂಗಿಯೇ ಈಗ ಹೆಚ್ಚುಕಡಿಮೆ ಮಾಯವಾಗಿತ್ತು.

“ನಿನ್ನ ವರ್ಷ ಹಾಳ ಮಾಡಿದೆ ಅಕ್ಕಾ.”

ನಜಮಾ ಮಾರ್ಗದರ್ಶಕರಾದ ಗವಿಸಿದ್ದೇಶ ಸರ್‌ಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿ ಟೇಬಲ್ಲಿನ ಮೇಲಿಟ್ಟಳು.

“ನಾ ಹೇಳ್ತೀನಿ, ತಪ್ಪು ನಂದು,” ಎಂದು ವನಿತಾ ಪಿಸುಗುಟ್ಟಿದಳು. ಸುಮ್ಮನಿರು ಎಂಬಂತೆ ನಜಮಾ ಕೈ ಮಾಡಿದಳು.

“ಸರ್, ಇವತ್ತ ಪೇಪರ್ ಕಳಸಾಕ ಆಗೂದಿಲ್ರಿ. ನಮ್ಮಿಂದ ಒಂದು ತಪ್ಪಾಗೈತಿ.”

ನಲವತ್ತು ಅಳತೆಗಳ ಸಂಗತಿಯನ್ನು ಅವಳೇ ಬಿಡಿಸಿ ಹೇಳಿದಳು, ವನಿತಾಳ ಹೆಸರೆತ್ತದೆ. ತಿದ್ದುತ್ತಿದ್ದ ಕೊನೆಯ ಪುಟ ನಜಮಾಳ ಮುಷ್ಟಿಯಲ್ಲಿ ಮುದ್ದೆಯಾಗಿರುವುದನ್ನು ವನಿತಾ ಆಗ ನೋಡಿದಳು.