ಲೀಟರಿಗೆ ಇಪ್ಪತ್ತನಾಲ್ಕು

ನಾನು ಬೂದು ಬಣ್ಣದ ಪೆಟ್ರೋಲ್ ಕಾರು. ಕಾರ್ಖಾನೆಯಿಂದ ಹೊರಬಿದ್ದಾಗ ನನ್ನಲ್ಲಿ ಯಾವ ಕಪಟವೂ ಇರಲಿಲ್ಲ. ನನ್ನ ಹೆಸರಿನಲ್ಲಿ ಸುಳ್ಳು ಹೇಳಲು ಶುರುಮಾಡಿದವನು ಗದಗದ ಶೋರೂಮಿನ ಮಾರಾಟಗಾರ ತೇಜರಾಜ.

ಒಂದು ಬೆಳಿಗ್ಗೆ ಶೈಲಜಾ ಹುಯಿಲಗೋಳ ಅಲ್ಲಿಗೆ ಬಂದಳು. ಪಾರ್ಶ್ವವಾಯು ಹೊಡೆದವರ ಮನೆಗೇ ಹೋಗಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಅವಳು. ಹಳ್ಳಿಹಳ್ಳಿಗೆ ಓಡಾಟ. ಇನ್ನೊಂದು ಶೋರೂಮಿನಲ್ಲಿ ಬೇರೆ ಕಂಪನಿಯ ನನ್ನಂಥದೇ ಕಾರನ್ನು ನೋಡಿ ಬಂದಿದ್ದಳು. ಬೆಲೆ, ಸೀಟು, ಡಿಕ್ಕಿ ಎಲ್ಲ ಸರಿಸಮ.

"ಅಲ್ಲೆ ಲೀಟರಿಗೆ ಹತ್ತೊಂಬತ್ತು ಕಿಲೋಮೀಟರ್ ಕೊಡ್ತದ ಅಂದ್ರು. ನಿಮ್ದು ಎಷ್ಟ್ರಿ?"

"ಇಪ್ಪತ್ನಾಕು ಮೇಡಂ. ಕಣ್ಣು ಮುಚ್ಚಿ ತಗೋರಿ."

"ರಸ್ತೆ ಮ್ಯಾಲ? ಎಸಿ ಹಾಕಿ?"

"ಹೂನ್ರಿ, ಎಸಿ ಹಾಕಿನ ಹೇಳಾಕತ್ತೇನಿ."

ಪಾಪಿ! ಆ ಅಂಕಿ ಪರೀಕ್ಷಾ ಕೋಣೆಯದು. ಅಲ್ಲಿ ಚಕ್ರಗಳು ಉರುಳೆಯ ಮೇಲೆ ತಿರುಗುತ್ತವೆ. ಗುಂಡಿಯಿಲ್ಲ, ಎದುರುಗಾಳಿಯಿಲ್ಲ, ಎಸಿಯಿಲ್ಲ. ಗಿರಾಕಿಗಳಿಗೆ ಓಡಿಸಲು ಕೊಡುತ್ತಿದ್ದ ನನ್ನದೇ ಮಾದರಿಯ ಕಾರು ಹದಿನೈದರ ಮೇಲೆ ಹೋಗುತ್ತಿರಲಿಲ್ಲ. ಅದಕ್ಕೆ ಪೆಟ್ರೋಲ್ ಹಾಕಿಸುತ್ತಿದ್ದವನು ಇದೇ ತೇಜರಾಜ.

ಶೈಲಜಾ ನನ್ನನ್ನೇ ಕೊಂಡಳು. ತಿಂಗಳೊಳಗೆ ಬೈಗುಳ ಶುರುವಾಯಿತು. "ಎಂಥಾ ಕುಡುಕನ್ನ ಕಟಗೊಂಡ್ನೆವ್ವಾ!" ಎನ್ನುವಳು. ನನ್ನ ಒಡಲು ಉರಿಯುತ್ತಿತ್ತು. ಫೋನು ಮಾಡಿದರೆ ತೇಜರಾಜ, "ನೀವು ಓಡ್ಸೋ ರೀತಿನ ಸರಿ ಇಲ್ರಿ" ಎಂದ.

ಪೆಟ್ರೋಲಿನ ಖರ್ಚು ತಾಳದೆ ಅವಳು ದೂರದ ಊರುಗಳಿಗೆ ಹೋಗುವುದನ್ನು ಕಡಿಮೆ ಮಾಡಿದಳು. ಡಂಬಳದಲ್ಲಿ ಗವಿಸಿದ್ದಪ್ಪ ಎಂಬ ಹಾರ್ಮೋನಿಯಂ ಮಾಸ್ತರರಿದ್ದರು. ಮಡಚಿಹೋಗಿದ್ದ ಅವರ ಬಲಗೈ ಬೆರಳುಗಳು ಆಗಷ್ಟೇ ಬಿಚ್ಚಿಕೊಳ್ಳತೊಡಗಿದ್ದವು. ವಾರಕ್ಕೆ ಮೂರು ಸಲದ ಭೇಟಿ ಒಂದಕ್ಕಿಳಿಯಿತು. ಬೆರಳುಗಳು ಮತ್ತೆ ಬಿಗಿದುಕೊಂಡವು.

"ನಮ್ಮನ್ನ ಕೈ ಬಿಟ್ಟೇನ ತಂಗಿ?" ಎಂದು ಮಾಸ್ತರರ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದರು.

ಶೈಲಜಾ ಸರಸರನೆ ನನ್ನತ್ತ ನಡೆದಳು. ಒಳಗೆ ಬಂದು ಕೂತವಳೇ ಅಂಗೈಯಿಂದ ಸ್ಟೇರಿಂಗಿಗೆ ಜೋರಾಗಿ ಬಡಿದಳು. ತೇಜರಾಜನ ಕೆನ್ನೆಗೆ ಬೀಳಬೇಕಾದ ಏಟನ್ನು ನಾನು ತಿಂದೆ.

ಮರುದಿನ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ನೇರ ಶೋರೂಮಿಗೆ ಬಂದಳು.

"ಬರ್ರಿ, ನೀವ ಓಡಸ್ರಿ. ಡಂಬಳಕ್ಕ ಹೋಗಿ ಬರೂಣು."

ಎಲ್ಲರೆದುರು ಇಲ್ಲ ಎನ್ನಲಾಗಲಿಲ್ಲ ತೇಜರಾಜನಿಗೆ. ಮೊಟ್ಟೆಯ ಮೇಲೆ ಕಾಲಿಟ್ಟಂತೆ ಆಕ್ಸಿಲರೇಟರ್ ಒತ್ತಿದ. ಡಂಬಳದಲ್ಲಿ ಶೈಲಜಾ ಅವನನ್ನು ಮಾಸ್ತರರ ಮುಂದೆ ಕೂರಿಸಿ, ಆ ಬಿಗಿದ ಕೈಯನ್ನು ಅವನ ಅಂಗೈಯಲ್ಲಿಟ್ಟಳಂತೆ. "ನಿಮ್ಮ ಇಪ್ಪತ್ನಾಕು ಈ ಮುಷ್ಟಿಯೊಳಗ ಐತಿ. ಬಿಡಸ್ರಿ ನೋಡೂಣು" ಎಂದದ್ದು ಅಂಗಳದಲ್ಲಿದ್ದ ನನಗೂ ಕೇಳಿಸಿತು.

ಮರಳಿ ಬಂದು ಅದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದರು. ಹದಿನೈದೇ.

ಶೋರೂಮಿನಲ್ಲಿ ಗಂಡಹೆಂಡತಿ ಯಾರೋ ನನ್ನ ಮಾದರಿಯನ್ನೇ ನೋಡುತ್ತಿದ್ದರು. "ಹದಿನೈದು ಕೊಡ್ತದ್ರಿ. ಈಗ ಇವರ ಓಡಿಸಿ ಬಂದಾರ, ಕೇಳ್ರಿ" ಎಂದಳು ಶೈಲಜಾ. ತೇಜರಾಜ ನನ್ನ ಕೀಲಿಯನ್ನು ಮೇಜಿನ ಮೇಲಿಟ್ಟು ಒಳಗೆ ಸರಿದ. ಗಂಡಹೆಂಡತಿ ಹೊರಟುಹೋದರು. ಸೀಟಿಗೆ ಹೊಸ ಕವರ್ ಪುಕ್ಕಟೆ ಹಾಕಿಕೊಡುತ್ತೇವೆಂದ ಮಾಲೀಕನಿಗೆ, "ಅದನ್ನ ನಿಮ್ಮ ಬಾಯಿಗೆ ಹಾಕೋರಿ" ಎಂದಳು.

ಕೊನೆಗೆ ನನ್ನನ್ನು ಬೆಟಗೇರಿಯ ದರ್ಜಿ ಹಜರತಸಾಬರಿಗೆ ಮಾರಿದಳು, ಇದ್ದದ್ದನ್ನು ಇದ್ದಂತೆ ಹೇಳಿಯೇ. ವಾರಕ್ಕೊಮ್ಮೆ ಓಡಾಡುವ ಅವರಿಗೆ ನಾನೇನೂ ಭಾರವಾಗಲಿಲ್ಲ. ಈಗ ಮುದುಕನಾಗಿ ಅವರ ಅಂಗಡಿಯ ಪಕ್ಕ ನಿಂತಿದ್ದೇನೆ. ಇಲ್ಲಿ ಯಾರೂ ನನ್ನನ್ನು ಕುಡುಕ ಎಂದಿಲ್ಲ.

ಆದರೂ ಸಿಟ್ಟು ಇಳಿದಿಲ್ಲ. ಮೊನ್ನೆ ಹೊಲಿಯಲು ಬಟ್ಟೆ ಕೊಡಲು ಬಂದ ಶೈಲಜಾ ಹೇಳುತ್ತಿದ್ದಳು: ತೇಜರಾಜ ಈಗ ಮ್ಯಾನೇಜರ್ ಆಗಿದ್ದಾನಂತೆ. ಮಾಸ್ತರರ ಬೆರಳುಗಳು ಮಾತ್ರ ಬಿಚ್ಚಲೇ ಇಲ್ಲವಂತೆ.