ಮೆಟ್ಟಿಲ ಕೆಳಗಿನ ಮೂವರು

ನಾನು ಒಂದು ನಾಯಿ. ಹೆಸರು ಟೋಬಿ. ನೆದರ್‌ಲ್ಯಾಂಡ್ಸಿನ ಒಂದು ಕುರಿದೊಡ್ಡಿಯಲ್ಲಿ, ಆರು ಮರಿಗಳ ಪೈಕಿ ಕೊನೆಯವನಾಗಿ ಹುಟ್ಟಿದೆ. ಮೊದಲ ಯಜಮಾನನ ಮುಖ ನೆನಪಿಲ್ಲ, ಅವನ ಬೂಟು ನೆನಪಿದೆ. ಎರಡು ವರ್ಷ ಒದೆ ತಿಂದ ಮೇಲೆ ಮರೈಕೆ ಎಂಬಾಕೆ ನನ್ನನ್ನು ತನ್ನ ಮನೆಗೆ ಕರೆತಂದಳು. ಅಲ್ಲಿ ಇದ್ದವರು ಅವಳು, ಅವಳ ಮೂರು ವರ್ಷದ ಮಗಳು ಫೆಮ್ಕೆ, ಇಬ್ಬರೇ. ಯಾರೂ ಹೊಡೆಯುತ್ತಿರಲಿಲ್ಲ. ಆದರೂ ಬಾಗಿಲು ಜೋರಾಗಿ ಬಡಿದರೆ ಸಾಕು, ನಾನು ಮೆಟ್ಟಿಲ ಕೆಳಗಿನ ಗೂಡಿಗೆ ನುಗ್ಗಿ ಕೋಟುಗಳ ಹಿಂದೆ ಅಡಗುತ್ತಿದ್ದೆ.

ಆ ಮನೆಗೆ ಗದಗಿನಿಂದ ಶಿವಲೀಲಾ ಬಂದಳು. ಒಂದು ವರ್ಷ ಮನೆಯವರ ಜೊತೆಗಿದ್ದು, ಮಗುವನ್ನು ನೋಡಿಕೊಳ್ಳುತ್ತ ಅಲ್ಲಿಯ ಭಾಷೆ ಕಲಿಯಬೇಕು. ಹೀಗೆ ಬರುವವರನ್ನು ಓ ಪೇರ್ ಎನ್ನುತ್ತಾರೆ. ನನ್ನನ್ನು ಕಂಡದ್ದೇ ಅವಳು ಕಿರುಚಿ ಕುರ್ಚಿ ಹತ್ತಿದಳು. ಚಿಕ್ಕಂದಿನಲ್ಲಿ ಬೀದಿನಾಯಿ ಕಚ್ಚಿತ್ತಂತೆ. ಆ ಕಿರುಚಾಟಕ್ಕೆ ನಾನು ಗೂಡು ಸೇರಿದೆ.

ಮರೈಕೆ ಅವಳಿಗಾಗಿ ಏನೆಲ್ಲ ಮಾಡಿದಳು! ಖಾರದಪುಡಿ ಹುಡುಕಿ ತಂದಳು, ಸೈಕಲ್ ಕಲಿಸಲು ಕಾಲುವೆ ದಂಡೆಯ ಮೇಲೆ ಅವಳ ಹಿಂದೆ ಓಡಿದಳು. ನನ್ನ ವಿಷಯವೊಂದೇ ಬಗೆಹರಿಯಲಿಲ್ಲ.

"ಇನ್ನೊಂದು ವಾರ ನೋಡೋಣ. ಆಗದಿದ್ರೆ ಟೋಬಿನ ಬೇರೆ ಮನೆಗೆ ಕೊಡ್ತೀನಿ" ಎಂದಳು ಒಂದು ಭಾನುವಾರ.

ಬೇರೆ ಮನೆ ಎಂದರೆ ನನಗೆ ಬೂಟು. ಅಂದು ಅನ್ನ ಮುಟ್ಟಲಿಲ್ಲ.

ಮರುದಿನ ತಿಂಗಳ ಮೊದಲ ಸೋಮವಾರ. ಅಂದು ಮಧ್ಯಾಹ್ನ ಹನ್ನೆರಡಕ್ಕೆ ದೇಶದ ತುಂಬ ಅಪಾಯದ ಸೈರನ್ನು ಪರೀಕ್ಷೆಗೆಂದು ಕೂಗುತ್ತದೆ. ಊರವರು ತಲೆ ಕೂಡ ಎತ್ತುವುದಿಲ್ಲ. ಶಿವಲೀಲಾಗೆ ಇದನ್ನು ಹೇಳಲು ಮರೈಕೆ ಮರೆತು ಆಫೀಸಿಗೆ ಹೋಗಿದ್ದಳು.

ಸೈರನ್ನು ಕೂಗಿತು. ನಾನು ಗೂಡಿಗೆ ಓಡಿದೆ. ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದು.

"ಅಯ್ಯ ಯವ್ವಾ, ಯುದ್ಧ ಬಂತೇನ!"

ಶಿವಲೀಲಾ ಮಗುವನ್ನು ಎದೆಗವಚಿಕೊಂಡು, ಕಿಟಕಿ ಇಲ್ಲದ ಜಾಗ ಹುಡುಕುತ್ತ ಗೂಡಿನ ಬಾಗಿಲು ತೆಗೆದಳು. ಒಳಗೆ ನಾನು. ಅವಳು ಅಲ್ಲೇ ಕಲ್ಲಾದಳು. ನಾನು ಅವಳ ಕಾಲನ್ನೇ ನೋಡುತ್ತಿದ್ದೆ, ಈಗ ಒದೆ ಬೀಳುತ್ತದೆ ಎಂದು. ಹಿಂದೆ ಸರಿಯಲು ಜಾಗವಿರಲಿಲ್ಲ. ಸೈರನ್ನು ಮತ್ತೆ ಏರಿತು. ಅವಳು ಕಣ್ಣು ಮುಚ್ಚಿಕೊಂಡು ಒಳಗೆ ಬಂದು ಬಾಗಿಲೆಳೆದಳು.

ಕತ್ತಲಲ್ಲಿ ಫೆಮ್ಕೆ ಅಳತೊಡಗಿದಳು. ಮಗುವನ್ನು ತಡವುತ್ತ ಶಿವಲೀಲಾಳ ಕೈ ನನ್ನ ಬೆನ್ನಿಗೆ ತಗುಲಿತು. ನಾನು ಉಸಿರು ಬಿಗಿಹಿಡಿದೆ. ಕೈ ಹಿಂದೆ ಹೋಗಲಿಲ್ಲ.

"ನೀನೂ ನಡಗಾಕತ್ತೀಯೇನೋ?" ಎಂದಳು ಮೆಲ್ಲಗೆ.

ಕೂಗು ನಿಂತ ಮೇಲೂ ನಾವು ಹೊರಗೆ ಬರಲಿಲ್ಲ. ಆಫೀಸಿನಲ್ಲಿ ಸೈರನ್ನು ಕೇಳಿದಾಗಲೇ ನೆನಪಾಗಿ, ಮರೈಕೆ ಸೈಕಲ್ ತುಳಿದುಕೊಂಡು ಓಡಿಬಂದಳು.

"ನಂದೇ ತಪ್ಪು, ಹೇಳೋದು ಮರೆತೆ. ಅದು ಬರೀ ಪರೀಕ್ಷೆ!"

ಶಿವಲೀಲಾ ಬಹಳ ಹೊತ್ತು ಅತ್ತಳು. ಆಮೇಲೆ ಮೂಗೊರೆಸಿಕೊಂಡು, "ಇವನ್ನ ಎಲ್ಲೂ ಕಳಸಬ್ಯಾಡ್ರಿ, ಅಕ್ಕಾರ" ಎಂದಳು.

ಹಾಗೆಂದು ಅವಳ ಭಯ ಹೋಗಲಿಲ್ಲ. ತಿಂಗಳುಗಟ್ಟಲೆ ಅವಳು ನನ್ನ ತಟ್ಟೆಯನ್ನು ಕೋಲಿನಿಂದಲೇ ತಳ್ಳುತ್ತಿದ್ದಳು. ಆದರೆ ತಳ್ಳುತ್ತಿದ್ದಳು. ವರ್ಷ ತುಂಬಿ ಊರಿಗೆ ಹೊರಟ ದಿನ ನನ್ನ ತಲೆ ಸವರಿದಳು. ಆಗಲೂ ಕಣ್ಣು ಮುಚ್ಚಿಕೊಂಡೇ.

ಈಗ ನನಗೆ ಹದಿಮೂರು ವರ್ಷ. ಹಿಂಗಾಲು ಎಳೆಯುತ್ತೇನೆ, ಹೀಟರಿನ ಪಕ್ಕ ಬಿದ್ದಿರುತ್ತೇನೆ. ಮೊನ್ನೆ ಫೆಮ್ಕೆಯ ಪುಟ್ಟ ತಮ್ಮನನ್ನು ನೋಡಿಕೊಳ್ಳಲು ಇನ್ನೊಬ್ಬ ಹುಡುಗಿ ಬಂದಳು. ನನ್ನನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು. ಹೊಸಬರೆಂದರೆ ಇಂದಿಗೂ ನನಗೆ ಹೆದರಿಕೆ. ಬಾಗಿಲ ಕಡೆ ಬೆನ್ನು ಮಾಡಿದರೆ ಇನ್ನೂ ಹೆಚ್ಚು ಹೆದರಿಕೆ. ಆದರೂ ನನ್ನ ಹಲ್ಲು ಅವಳಿಗೆ ಕಾಣದಿರಲೆಂದು ಮೈ ಹೊರಳಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಸ್ವಲ್ಪ ಹೊತ್ತಾದ ಮೇಲೆ ಸೂಟ್‌ಕೇಸಿನ ಗಾಲಿಗಳು ಒಳಗೆ ಉರುಳಿದ ಸದ್ದು ಕೇಳಿಸಿತು.