ಕೊನೆಗೆ ಕೆಂಪಾಗುವ ಮರ

ಶರತ್ಕಾಲ ಮುಗಿಯುತ್ತ ಬಂದಿದ್ದರೂ ರಾತ್ರಿಯ ಸೆಕೆ ಇಳಿದಿರಲಿಲ್ಲ. ಯಜಮಾನ ಸತ್ತ ಮನೆಯಾದರೂ ಸಸಿಗಳು ಕಾಯುವುದಿಲ್ಲವೆಂದು ಆಳುಗಳು ಬೆಳಗ್ಗೆಯೇ ನೀರು ಹನಿಸುತ್ತಿದ್ದರು. ತೋಟದ ಅಂಚಿನ ಮರಸಾಲಿನಲ್ಲಿ ಗುಂಡಿ ತೋಡುವವನು ಅಂಗೈಗೆ ಉಗುಳಿಕೊಂಡು ಗುದ್ದಲಿ ಎತ್ತಿದವನು ಹಾಗೇ ನಿಂತ.

"ಯಾವ ಮರದ ಬುಡ ಅಂತ ಬೇಗ ಹೇಳಿಬಿಡಿ ಅಕ್ಕ. ಬಿಸಿಲೇರಿದ್ಮೇಲೆ ಈ ನೆಲ ನನ್ನ ಮಾತು ಕೇಳಲ್ಲ."

ಸತ್ತವನ ತಂಗಿ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅಣ್ಣ ಹೇಳಿದ್ದು ಒಂದೇ ಮಾತು: ಕೊನೆಗೆ ಕೆಂಪಾಗೋ ಮರದ ಕೆಳಗೆ ನನ್ನ ಮಲಗಿಸು. ಅದು ಕಾಲುವೆ ಪಕ್ಕದ ಮರವೆಂದು ಅವಳು ಕಣ್ಣು ಮುಚ್ಚಿಕೊಂಡೂ ಹೇಳುತ್ತಿದ್ದಳು. ಆದರೆ ಈ ವರ್ಷ ಅದೇ ಎಲ್ಲಕ್ಕಿಂತ ಮೊದಲು ಕೆಂಪಾಗಿ ಅರ್ಧ ಬೋಳಾಗಿತ್ತು. ಪ್ರತಿವರ್ಷ ಮೊದಲು ಉದುರುತ್ತಿದ್ದ ರಸ್ತೆ ಬದಿಯ ಮರ, ಹೊಸ ಬೀದಿದೀಪದ ಬೆಳಕಿನಲ್ಲಿ ನಿದ್ದೆ ಮರೆತಂತೆ, ಇನ್ನೂ ಹಚ್ಚಗೆ ನಿಂತಿತ್ತು.

"ನಿಮ್ಮಣ್ಣ ನಿನ್ನ ಹತ್ರ ಹೇಳಿದ್ರಂತಲ್ಲ, ನೀನೇ ತೋರಿಸು," ಎಂದಳು ಅತ್ತಿಗೆ. "ಜೊತೇಲಿ ಬಾಳಿದವಳು ನಾನು, ಗುಟ್ಟು ಮಾತ್ರ ತಂಗಿಗೆ!"

"ಗುಟ್ಟೇನು ಬಂತು ಅತ್ತಿಗೆ, ಮಾತಿಗೆ ಮಾತು ಬಂತು, ಹೇಳಿದ."

"ನನಗೂ ಹೇಳಿದ್ದಾರೆ. ಮೊದಲು ಕೆಂಪಾಗಿರೋ ಮರ ಅಂತ."

"ಕೊನೆಗೆ!"

"ಮೊದಲು! ಹೋದ ವಾರ ಹಾಸಿಗೇಲಿ ಮಲಗಿ ಹೇಳಿದ್ರು. ನನ್ನ ಕಿವಿ ಇನ್ನೂ ಗಟ್ಟಿಯಾಗಿದೆ."

ಗುಂಡಿ ತೋಡುವವನು ಗುದ್ದಲಿ ಇಳಿಸಿದ. "ಅರ್ಧ ಅಲ್ಲಿ, ಅರ್ಧ ಇಲ್ಲಿ ಅಗೀಲಾ?"



*

ಅಣ್ಣ ಆ ಮಾತು ಹೇಳಿದ್ದು ಅವಳು ಗಂಡನ ಮನೆ ಬಿಟ್ಟು ಬಂದ ವರ್ಷ, ಇಬ್ಬರೂ ಕಾಲುವೆಗೆ ಕಾಲು ಇಳಿಬಿಟ್ಟು ಕೂತಿದ್ದಾಗ. "ಇದೊಂದಕ್ಕೆ ಯಾಕೆ ಇಷ್ಟು ತಡ?" ಎಂದು ಕೇಳಿದ್ದಳು.

"ಬೇರು ತಂಪಲ್ಲಿದೆ, ಗಾಳಿಗೆ ಗೋಡೆ ಅಡ್ಡ ಇದೆ. ನಿಮ್ಮತ್ತಿಗೆ ಥರ, ಮುಪ್ಪು ಹತ್ರ ಬರೋಕೆ ಹೆದರುತ್ತೆ. ಹೋಗಿ ಹೇಳ್ಬೇಡ ಮತ್ತೆ."

ಈ ಬೇಸಿಗೆಯಲ್ಲಿ ಸಸಿಗಳು ಬಾಡತೊಡಗಿದಾಗ ಕಾಲುವೆಗೆ ಅಡ್ಡ ಮಣ್ಣು ಹಾಕಿ ನೀರನ್ನು ಅವುಗಳತ್ತ ತಿರುಗಿಸಿದವನೂ ಅವನೇ. "ದೊಡ್ಡ ಮರ ತಡ್ಕೊಳ್ಳುತ್ತೆ. ಮಳೆ ಹಿಡೀಲಿ, ಇದರ ಬಾಕಿ ತೀರಿಸ್ತೀನಿ," ಎಂದಿದ್ದ. ಮಳೆ ಹಿಡಿಯಲೇ ಇಲ್ಲ. ಅವನು ಹಾಸಿಗೆ ಹಿಡಿದ.

*

"ಸರಿ, ನಿಮಗೆ ಹೇಳಿದ ಮರ ಯಾವುದು, ತೋರಿಸಿ," ಎಂದಳು ತಂಗಿ, ಸೋತು.

"ನೀನೂ ತೋರಿಸು."

ಇಬ್ಬರ ಬೆರಳೂ ಕಾಲುವೆ ಪಕ್ಕದ ಮರದ ಕಡೆಗೇ ಹೋದವು.

ಅತ್ತಿಗೆ ಕೈ ಇಳಿಸಲು ಮರೆತಳು. "ಕೊನೆಗೆ ಅಂದ್ಯಲ್ಲ?"

"ಆಗ ಅದೇ ಕೊನೇದು."

"ಈಗ ಅದೇ ಮೊದಲು."

ಅಣ್ಣನ ಹಾಸಿಗೆಯ ಪಕ್ಕದ ಕಿಟಕಿಯಿಂದ ಆ ಮರ ಕಾಣುವುದಿಲ್ಲ. ಅದು ಕೆಂಪಾದದ್ದು ಅವನಿಗೆ ಗೊತ್ತಿತ್ತೋ, ಊಹಿಸಿದ್ದನೋ, ಇಲ್ಲ ಜ್ವರದಲ್ಲಿ ರಸ್ತೆ ಬದಿಯದನ್ನೇ ನೆನೆದನೋ, ತಂಗಿಗೆ ಬಗೆಹರಿಯಲಿಲ್ಲ. ಆದರೂ ತಲೆಯಾಡಿಸಿದಳು.

ಗುದ್ದಲಿ ಬಿತ್ತು. ಸೊಂಟದಾಳಕ್ಕಿಳಿದರೂ ಮಣ್ಣು ಬೂದಿಯಂತೆ ಒಣಗಿಯೇ ಇತ್ತು. ಗಾಳಿಯಿರಲಿಲ್ಲ, ಆದರೂ ಎಲೆ ಉದುರುತ್ತಲೇ ಇತ್ತು; ಒಂದು ಬುಟ್ಟಿ ಮಣ್ಣು ಎತ್ತಿ ಹಾಕುವಷ್ಟರಲ್ಲಿ ಗುಂಡಿಯ ತಳ ಮತ್ತೆ ಕೆಂಪಾಗುತ್ತಿತ್ತು.

"ಈ ಎಲೆಗಳ್ನ ಬಳಿದು ತೆಗೀಲಾ, ಹಾಗೇ ಬಿಡ್ಲಾ?" ಗುಂಡಿ ತೋಡುವವನು ಕೆಳಗಿನಿಂದ ಕೇಳಿದ.

ತಂಗಿ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಆಗಲೇ ಅವಳ ಮುಖ ನೋಡುತ್ತಿದ್ದಳು.